ಅಷ್ಟು ದೊಡ್ಡ ಕೌದಿಯನ್ನು ರೈಲಿನಲ್ಲಿ ಹೇಗೆ ಹೊಲಿಯುತ್ತೀರಿ?

ಮಗಳು ಬೆಂಗಳೂರಿನಲ್ಲಿದ್ದಾಳೆ. ಹಾಗಾಗಿ ತಿಂಗಳಿಗೊಮ್ಮೆಯಾದರೂ ಸಾಗರದಿಂದ ರೈಲು ಹತ್ತುತ್ತೇನೆ. ಸೀಟು ಹಿಡಿದು, ಚೀಲದಿಂದ ಹಳೇ ಸ್ವೀಟ್ ಡಬ್ಬಿ ತೆಗೆದು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಎದುರಿಗೆ ಕೂತವರ ವಿಚಾರಣೆ ಶುರು. "ಏನಮ್ಮ ಹೊಲೀತಿದೀರ?" ಕೌದಿ ಎನ್ನುತ್ತೇನೆ. ಅವರು ನನ್ನ ಕೈಯಲ್ಲಿರುವ, ಅಂಗೈಯಷ್ಟೂ ಇಲ್ಲದ ಚೂರನ್ನು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಕೌದಿ ಅಂದರೆ ಮಂಚದ ತುಂಬ ಹರಡುವ ವಸ್ತು, ಒಗೆದು ಹಿಂಡಲು ಇಬ್ಬರು ಬೇಕು. ಗೋಡೆಗೆ ಹಾಕಿದ ಕೌದಿಗಳ ಫೋಟೋ ನೋಡಿದ ನೆಂಟರೂ ಇದನ್ನೇ ಕೇಳುತ್ತಾರೆ: "ಅಷ್ಟು ದೊಡ್ಡದನ್ನ ಹೊತ್ಕೊಂಡು ಹೆಂಗೆ ಓಡಾಡ್ತೀಯ?"

ಹೊತ್ತುಕೊಂಡು ಓಡಾಡುವುದಿಲ್ಲ. ರೈಲಿನಲ್ಲಿ ನಾನು ಹೊಲಿಯುವುದು ಕೌದಿಯನ್ನಲ್ಲ, ಅದರ ಕಣಗಳನ್ನು.

ಜೇನುಗೂಡಿನ ಕಣದ ಹಾಗೆ ಆರು ಮೂಲೆಯ ಕಾಗದಗಳನ್ನು ಮನೆಯಲ್ಲೇ ಕತ್ತರಿಸಿ ಇಟ್ಟುಕೊಂಡಿರುತ್ತೇನೆ. ಪ್ರತಿ ಬದಿಯೂ ಒಂದು ಇಂಚು. ಕಾಗದ ಯಾವುದೆಂದರೆ ಮದುವೆ ಕರೆಯೋಲೆ. ನಮ್ಮ ಕಡೆ ಅದಕ್ಕೇನೂ ಬರಗಾಲವಿಲ್ಲ. ಬಟ್ಟೆಯನ್ನು ಕಾಗದಕ್ಕಿಂತ ಸುತ್ತಲೂ ಕಾಲು ಇಂಚು ಹೆಚ್ಚಿಗೆ ಕತ್ತರಿಸಿ, ಆ ಅಂಚನ್ನು ಕಾಗದದ ಹಿಂದಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಬೇಕು. ಹೀಗೆ ತಯಾರಾದ ಎರಡು ಕಣಗಳನ್ನು ಮುಖಕ್ಕೆ ಮುಖ ಕೊಟ್ಟು ಹಿಡಿದು, ಅಂಚಿನ ಎರಡೋ ಮೂರೋ ನೂಲನ್ನಷ್ಟೇ ಕಚ್ಚುತ್ತ ಸುತ್ತಿ ಸುತ್ತಿ ಹೊಲಿದರೆ ಒಂದು ಬದಿ ಕೂಡಿಕೊಂಡಿತು. ಸೂಜಿ ಕಾಗದಕ್ಕೆ ಚುಚ್ಚಬಾರದು. ಒಂದು ಕಣದ ಆರೂ ಬದಿಗೆ ನೆರೆಹೊರೆ ಬಂದ ಮೇಲೆ ಕಚ್ಚಾ ದಾರ ಎಳೆದು ಕಾಗದ ತೆಗೆಯುವುದು. ಅದೇ ಕಾಗದ ಇನ್ನೊಂದು ಕಣಕ್ಕೆ ಆಗುತ್ತದೆ.

ರೈಲಿಗೆ ಈ ಪದ್ಧತಿಯೇ ಯಾಕೆಂದರೆ, ಇಲ್ಲಿ ಅಳತೆ ಕಾಗದದ ಜವಾಬ್ದಾರಿ. ಬೋಗಿ ಕುಲುಕಿ ಕೈ ಅಲುಗಿದರೂ ಅಳತೆ ಅಲುಗುವುದಿಲ್ಲ. ನೇರವಾಗಿ ಬಟ್ಟೆ ಮೇಲೆ ಗೆರೆ ಎಳೆದು ಹೊಲಿಯುವ ಧೈರ್ಯ ಮಾಡಿದ್ದೆ ಒಮ್ಮೆ. ಕುಂಸಿ ದಾಟುವ ಹೊತ್ತಿಗೆ ಚೌಕ ಹೋಗಿ ಗಾಳಿಪಟವಾಗಿತ್ತು.

ಕರೆಯೋಲೆಯಲ್ಲೂ ಜಾತಿಗಳಿವೆ. ದಪ್ಪ ರಟ್ಟಿನ, ಪೆಟ್ಟಿಗೆಯಂಥ ಶ್ರೀಮಂತ ಪತ್ರಿಕೆ ಉಪಯೋಗಕ್ಕೆ ಬರುವುದಿಲ್ಲ, ಮೂಲೆ ಕೂರುವುದಿಲ್ಲ. ಬಂಗಾರದ ಅಕ್ಷರದ್ದಂತೂ ಬೇಡವೇ ಬೇಡ. ಒಮ್ಮೆ ಕಾಗದ ಒಳಗಿದ್ದಾಗಲೇ ಇಸ್ತ್ರಿ ಹಾಕಿಬಿಟ್ಟೆ. ಬಿಳಿ ಬಟ್ಟೆಗೆ "ಚಿ॥ ಸೌ॥" ತಿರುವುಮುರುವಾಗಿ ಅಂಟಿಕೊಂಡಿತು. ಆ ಹುಡುಗಿಗೆ ಈಗ ಇಬ್ಬರು ಮಕ್ಕಳು, ಅಕ್ಷರ ಮಾತ್ರ ಇನ್ನೂ ಹೋಗಿಲ್ಲ.

ಲೆಕ್ಕ ಕೇಳುವವರೂ ಇದ್ದಾರೆ. ಒಂದಿಂಚು ಬದಿಯ ಕಣದ ವಿಸ್ತೀರ್ಣ ಸುಮಾರು 2.6 ಚದರ ಇಂಚು. 60ಕ್ಕೆ 90 ಇಂಚಿನ ಒಂಟಿ ಹೊದಿಕೆಗೆ ಎರಡು ಸಾವಿರದ ಮೇಲೆ ಕಣ ಬೇಕು. ಅದನ್ನು ಕೇಳಿದರೆ ಯಾರಿಗೂ ಸೂಜಿ ಹಿಡಿಯುವ ಮನಸ್ಸಾಗುವುದಿಲ್ಲ, ನನಗೂ ಆಗಿರಲಿಲ್ಲ. ಗೋಡೆಗೆ ಹಾಕುವ 24ಕ್ಕೆ 36 ಇಂಚಿನದಕ್ಕಾದರೆ 330ರ ಆಸುಪಾಸು. ಒಂದು ಪ್ರಯಾಣದಲ್ಲಿ, ಚಹಾ, ಮಾತು, ತೂಕಡಿಕೆ ಎಲ್ಲ ಕಳೆದು, ನನ್ನ ಕೈಯಲ್ಲಿ ನಲವತ್ತು ಕಣ ತಯಾರಾಗುತ್ತವೆ. ಮಿಕ್ಕ ಗಣಿತ ನೀವೇ ಮಾಡಿಕೊಳ್ಳಿ.

ರೈಲಿನಲ್ಲಿ ಬಣ್ಣ ಮಾತ್ರ ಆರಿಸಬಾರದು. ಇದನ್ನು ಕಲಿತದ್ದು ಶರಾವತಿ ಹಿನ್ನೀರಿನ ಕೌದಿಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಬೇಸಿಗೆಯಲ್ಲಿ ನೀರಿಳಿದಾಗ ಅವತ್ತು ಮುಳುಗಿದ ಮರಗಳ ಬೊಡ್ಡೆಗಳು ಇವತ್ತಿಗೂ ಕಪ್ಪಗೆ ಮೇಲೇಳುತ್ತವೆ. ಅದನ್ನು ಬಟ್ಟೆಯಲ್ಲಿ ತರಬೇಕೆಂದು ಹಸಿರು, ಬೂದು, ಮಣ್ಣಿನ ಬಣ್ಣದ ಚೂರುಗಳನ್ನು ಜೋಡಿಸುತ್ತಿದ್ದೆ. ರಾತ್ರಿ ರೈಲಿನ ಟ್ಯೂಬ್‌ಲೈಟಿನಲ್ಲಿ ನೀರಿನ ಅಂಚಿಗೆ ಸೊಗಸಾದ ಕಡುಹಸಿರು ಸಾಲು ಕೂಡಿಸಿದೆ. ಬೆಳಿಗ್ಗೆ ಮಗಳ ಮನೆ ಬಾಲ್ಕನಿಯಲ್ಲಿ ಬಿಚ್ಚಿದರೆ ಅರ್ಧ ಹಸಿರು, ಅರ್ಧ ನೇವಿ ಬ್ಲೂ. ಹೊಲಿದದ್ದಕ್ಕಿಂತ ಬಿಚ್ಚಲು ಹೆಚ್ಚು ಹೊತ್ತು ಹಿಡಿಯಿತು. ಅಲ್ಲಿಂದೀಚೆಗೆ ಬಣ್ಣದ ತೀರ್ಮಾನವೆಲ್ಲ ನಮ್ಮ ಮನೆ ಜಗಲಿಯಲ್ಲಿ, ಬೆಳಗಿನ ಹತ್ತು ಗಂಟೆ ಬೆಳಕಿನಲ್ಲಿ. ಯಾವುದರ ಪಕ್ಕ ಯಾವುದು ಎಂದು ನೆಲದ ಮೇಲೆ ಹರಡಿ, ಫೋಟೋ ತೆಗೆದು, ಸಾಲಿನ ಪ್ರಕಾರ ನಂಬರು ಬರೆದ ಕವರುಗಳಿಗೆ ತುಂಬುತ್ತೇನೆ. ದಾರಿಯಲ್ಲಿ ತಲೆಗೆ ಕೆಲಸವಿಲ್ಲ, ಬೆರಳಿಗಷ್ಟೇ.

ಆ ಕೌದಿಯ ದೊಡ್ಡ ಪಾಲು ಹೊಲಿದದ್ದು ರೈಲಿನಲ್ಲೂ ಅಲ್ಲ, ಹಿನ್ನೀರಿನ ದಡದ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯುತ್ತ. ಆಚೆ ದಡದ ತುಮರಿ ಕಡೆ ನೆಂಟರಿದ್ದಾರೆ. ಸಿಗಂದೂರಿನ ಭಕ್ತರ ಸಾಲು ಇದ್ದ ದಿನ ಒಂದು ಲಾಂಚು ತಪ್ಪಿದರೆ ನಾಲ್ಕೈದು ಕಣ ಲಾಭ. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯನ್ನು ಕಾರು ಮೂರ್ನಾಲ್ಕು ನಿಮಿಷಕ್ಕೆ ದಾಟುತ್ತದೆ. ರಾತ್ರಿ ಹೊತ್ತು ಕಾಯಿಲೆಯವರನ್ನು ಈಚೆ ದಡಕ್ಕೆ ತರುವ ಕಷ್ಟ ನೋಡಿದವಳಿಗೆ ಸೇತುವೆ ಬೇಡವೆನ್ನುವ ಬಾಯಿಲ್ಲ. ಆದರೆ ದಡದ ಕಲ್ಲಿನ ಮೇಲೆ ಕೂತು ಎದುರಿನ ನೀರು ನೋಡುತ್ತ ಅದೇ ನೀರನ್ನು ಹೊಲಿಯುವುದು ಹೋಯಿತು.

ಬಸ್ಸಿನಲ್ಲಿ ಹೊಲಿಯುವುದಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಸೂಜಿ ಹಿಡಿದವರು ಯಾರೂ ಎರಡನೇ ಸಲ ಹಿಡಿಯಲಾರರು. ಡಬ್ಬಿಯಲ್ಲಿರುವುದು ಗಿಡ್ಡ ಸೂಜಿ ಮೂರು, 9ನೇ ನಂಬರಿನವು (ನಂಬರು ಏರಿದಷ್ಟೂ ಸೂಜಿ ಸಣ್ಣದು), ದಾರ ಕತ್ತರಿಸಲು ನೇಲ್ ಕಟರ್, ಬಿದ್ದ ಸೂಜಿ ಹೆಕ್ಕಲು ಹಳೇ ಪರ್ಸಿನಿಂದ ಕಿತ್ತ ಆಯಸ್ಕಾಂತ. ಹತ್ತುವಾಗ ಮೂರು ಸೂಜಿ, ಇಳಿಯುವಾಗ ಮೂರು. ಎಣಿಕೆ ತಪ್ಪಿದರೆ ಸೀಟಿನ ಕೆಳಗೆ ತೆವಳಿಯಾದರೂ ಹುಡುಕುತ್ತೇನೆ. ಮುಂದಿನ ನಿಲ್ದಾಣದಲ್ಲಿ ಅಲ್ಲಿ ಯಾರದೋ ಮಗು ಕೂರುತ್ತದೆ.

ಉಳಿದದ್ದೆಲ್ಲ ಮನೆಗೆಲಸ, ಅದಕ್ಕೆ ಮಲೆನಾಡಿನ ಪಂಚಾಂಗವೇ ಬೇರೆ. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದು ಕುಗ್ಗಿಸಬೇಕು. ಕೆಂಪಿದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಬೇಕು. ಇದನ್ನು ಜೂನ್‌ಗೆ ಮುಂಚೆ ಮುಗಿಸದಿದ್ದರೆ ಆಯಿತು, ಬಟ್ಟೆ ಬಚ್ಚಲೊಲೆ ಹತ್ತಿರ ಒಣಗಿ ಹೊಗೆ ವಾಸನೆ ಹೊಡೆಯುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಬಿಳಿ ಬಟ್ಟೆ ಮುಟ್ಟುವ ಹಾಗೇ ಇಲ್ಲ. ಬೆರಳಿನ ಕಲೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಹೋಗುವುದಿಲ್ಲ. ಅದೇ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಹೆಗ್ಗೋಡಿನ ಕೈಮಗ್ಗದ ಸಂಸ್ಥೆ ಚರಕದವರು ಬಟ್ಟೆಗೆ ಬಣ್ಣ ಹಾಕುತ್ತಾರೆ. ನನ್ನ ಹಿನ್ನೀರಿನ ದಡದ ಮಣ್ಣೆಲ್ಲ ಅಂಥದ್ದೊಂದು ಹಳೇ ಕುರ್ತಾ.

ಒಳಗೆ ತುಂಬಲು ಹತ್ತಿಯ ಹಾಸು ತರಿಸಿದ್ದೆ. ಮೊದಲ ಮಳೆಗಾಲದಲ್ಲೇ ತೇವ ಕುಡಿದು ಬೂಷ್ಟು ಹಿಡಿಯಿತು. ಈಗ ಅಜ್ಜಿಯ ಕಾಲದ ಪದ್ಧತಿಯಂತೆ ಹಳೇ ಹತ್ತಿ ಸೀರೆಯನ್ನೇ ಎರಡು ಪದರ ಹಾಕುತ್ತೇನೆ. ತೆಳು, ಬೇಗ ಒಣಗುತ್ತದೆ. ಆದರೂ ಆಷಾಢದಲ್ಲಿ ಗೋಡೆಯಿಂದ ಇಳಿಸಿಬಿಡುತ್ತೇನೆ.

ಕಣಗಳ ಗೊಡವೆಯೇ ಬೇಡ ಎನ್ನುವವರು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಬೇಕು. ಕಾಗದವಿಲ್ಲ, ಅಳತೆಯಿಲ್ಲ. ಸೀರೆ ಹರಡಿ ಒಂದು ಮೂಲೆಯಿಂದ ಶುರು ಮಾಡಿ, ಚೂರಿನ ಮೇಲೆ ಚೂರು ಇಡುತ್ತ, ಅಂಚು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತೇಪೆಯೂ ಪದರ ಕೂಡಿಸುವುದೂ ಒಂದೇ ಹೊಲಿಗೆಯಲ್ಲಿ. ನಾಲ್ಕು ಮೂಲೆಗೆ ಬಟ್ಟೆ ಮಡಚಿದ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆಯಂತೆ. ನನ್ನ ಆರುಮೂಲೆಯ ಲೆಕ್ಕಾಚಾರಕ್ಕಿಂತ ಅದು ಮೇಲಿನ ವಿದ್ಯೆ ಎಂದೇ ನನ್ನ ಅಭಿಪ್ರಾಯ. ಆದರೆ ಇಡೀ ಸೀರೆ ಮಡಿಲಲ್ಲಿ ಹರಡಬೇಕು, ಮೂವರ ಸೀಟಿನಲ್ಲಿ ಅದು ಆಗದು.

ಕಳೆದ ಸಲ ಭದ್ರಾವತಿಯಲ್ಲಿ ಹತ್ತಿದ ಒಬ್ಬರು ಬೀರೂರಿನವರೆಗೂ ಸುಮ್ಮನೆ ನೋಡುತ್ತಿದ್ದರು. ಇಳಿಯುವ ಮುಂಚೆ ಚೀಲದಿಂದ ಒಂದು ಬ್ಲೌಸ್ ಪೀಸ್ ತೆಗೆದು, "ಅರಿಶಿನ ಕುಂಕುಮಕ್ಕೆ ಕೊಟ್ಟಿದ್ರು, ನನಗೆ ಈ ಬಣ್ಣ ಆಗಲ್ಲ. ಇದನ್ನೂ ಸೇರಿಸ್ಕೊಳ್ಳಿ" ಎಂದರು. ಪಾಲಿಯೆಸ್ಟರು, ಅದೂ ರಾಣಿ ಪಿಂಕು. ಹಿನ್ನೀರಿನಲ್ಲಿ ಆ ಬಣ್ಣಕ್ಕೆ ಎಲ್ಲೂ ಜಾಗವಿರಲಿಲ್ಲ. ಮೂರು ಕಣ ಕತ್ತರಿಸಿ ದೂರದ ದಡದಲ್ಲಿ ಇಟ್ಟಿದ್ದೇನೆ, ಲಾಂಚಿಗೆ ಕಾಯುತ್ತ ನಿಂತ ಯಾರದೋ ಸೀರೆ.