ಪ್ರಾಣಿಗೆ ಪೆಟ್ಟು ಮಾಡಿ ಬಂದವರ ಸಿಟ್ಟು

ತಮ್ಮಿಂದ ಒಂದು ಪ್ರಾಣಿಗೆ ಪೆಟ್ಟಾದಾಗ ಜನ ಅಳುತ್ತಾ ಕ್ಲಿನಿಕ್‌ಗೆ ಬರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಳುವವರೂ ಇದ್ದಾರೆ. ಆದರೆ ಜಾಸ್ತಿ ಜನ ಬೈಯುತ್ತಾ ಬರುತ್ತಾರೆ. ನಾಯಿಯನ್ನು ರಸ್ತೆಗೆ ಬಿಟ್ಟವರಿಗೆ ಬೈಯುತ್ತಾರೆ. ಮಳೆಗೆ, ಕತ್ತಲೆಗೆ ಬೈಯುತ್ತಾರೆ. ಡಾಕ್ಟ್ರು ಒಳಗಿಂದ ಬರುವುದು ಎರಡು ನಿಮಿಷ ತಡವಾದರೆ ನಮಗೂ ಬೈಗುಳ ಉಂಟು.

ನಾನು ಉಡುಪಿಯ ಒಂದು ಸಣ್ಣ ಪ್ರಾಣಿ ಕ್ಲಿನಿಕ್‌ನಲ್ಲಿ ಸಹಾಯಕಿ. ಕೌಂಟರ್ ನೋಡಿಕೊಳ್ಳುವುದು, ಪರೀಕ್ಷೆ ಮಾಡುವಾಗ ಪ್ರಾಣಿಯನ್ನು ಹಿಡಿದುಕೊಳ್ಳುವುದು, ಡ್ರಿಪ್ ಮೇಲೆ ಕಣ್ಣಿಡುವುದು ನನ್ನ ಕೆಲಸ. ಡಾಕ್ಟ್ರು ಪ್ರಾಣಿಯನ್ನು ನೋಡುತ್ತಿರುವಾಗ ತಂದವರ ಜೊತೆ ಇರುವವಳು ನಾನು. ಹಾಗಾಗಿ ಈ ಸಿಟ್ಟನ್ನು ತುಂಬಾ ಹತ್ತಿರದಿಂದ ನೋಡಿದ್ದೇನೆ. ಅದರ ಕೆಳಗೆ ಹೆಚ್ಚಿನ ಸಲ ಇರುವುದು ಒಂದೇ ಮಾತು: ಇದು ನನ್ನಿಂದ ಆಯ್ತು. ಆ ಮಾತು ಬಾಯಿಗೆ ಬರುವುದಿಲ್ಲ, ಬೈಗುಳ ಬರುತ್ತದೆ.

ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವುದು ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ. ಪ್ರಶ್ನೆ ಕೇಳುವುದು ಕೆಲಸಕ್ಕೆ ಬರುತ್ತದೆ. ಕಟಪಾಡಿ ಕಡೆಯಿಂದ ಒಬ್ಬ ಹುಡುಗ ರಾತ್ರಿ ನಾಯಿಯನ್ನು ಕಾರಿನ ಕಾರ್ಪೆಟ್ ಮೇಲೆ ಮಲಗಿಸಿಕೊಂಡು ತಂದಿದ್ದ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅಡ್ಡ ಬಂದದ್ದಂತೆ. ಒಳಗೆ ಬಂದವನೇ ಕೂಗಲು ಶುರು ಮಾಡಿದ: "ಇದರ ಓನರ್ ಯಾರು? ಅವರನ್ನು ಹಿಡಿದು ತರಬೇಕು ಮೊದಲು!" ನಾನು ಕೇಳಿದೆ, "ಅಣ್ಣ, ಚಕ್ರ ಹತ್ತಿತಾ, ಬಂಪರ್ ಮಾತ್ರ ತಾಗಿದ್ದಾ? ಯಾವ ಬದಿಗೆ? ಆಮೇಲೆ ಎದ್ದು ನಿಂತಿತಾ?" ಉತ್ತರ ಹೇಳಬೇಕಾದರೆ ನೆನಪು ಮಾಡಿಕೊಳ್ಳಬೇಕು. ನೆನಪು ಮಾಡಿಕೊಳ್ಳುತ್ತಾ ಅವನ ದನಿ ಇಳಿಯಿತು. ಡಾಕ್ಟ್ರಿಗೂ ಬೇಕಾದದ್ದು ಅದೇ ಮಾಹಿತಿ.

ಡಾಕ್ಟ್ರು ನಾಯಿಯ ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗುತ್ತದೆ. ಸಾಮಾನ್ಯವಾಗಿ ಎರಡು ಸೆಕೆಂಡಿನ ಒಳಗೆ ಮತ್ತೆ ಕೆಂಪಗಾಗಬೇಕು. ಇದರಲ್ಲಿ ತಡವಾಯಿತು. ಮೈಮೇಲೆ ಗಾಯ ಕಾಣದಿದ್ದರೂ ಒಳಗೆ ರಕ್ತ ಹೋಗುತ್ತಿರಬಹುದು ಎಂದು ಅರ್ಥ. "ಟಾರ್ಚ್ ನೀವು ಹಿಡಿಯಿರಿ" ಅಂತ ಅವನ ಕೈಗೇ ಕೊಟ್ಟೆ. ನಡುಗುತ್ತಿದ್ದ ಕೈ ಟಾರ್ಚ್ ಹಿಡಿದ ಮೇಲೆ ಸ್ವಲ್ಪ ಹೊತ್ತಿಗೆ ನಿಂತಿತು. ಪ್ರಾಣಿಗಾಗಿ ಏನಾದರೂ ಮಾಡಲು ಕೈಗೆ ಕೊಡುವುದು ನಾನು ಕಂಡ ಅತ್ಯಂತ ಒಳ್ಳೆಯ ಉಪಾಯ. ಸುಮ್ನೆ ಬೆಂಚಿನ ಮೇಲೆ ಕೂರಿಸಿದರೆ ಆ ಮನುಷ್ಯ ತನ್ನನ್ನೇ ತಾನು ತಿನ್ನುತ್ತಿರುತ್ತಾನೆ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಪೆಟ್ಟಾದ ನಾಯಿ ಎಷ್ಟೇ ಸಾಧುವಾಗಿದ್ದರೂ ನೋವಿಗೆ ಕಚ್ಚುತ್ತದೆ. ಕಾಲು ಹಿಡಿದು ಎತ್ತಬೇಡಿ. ಹಲಗೆಯ ಮೇಲೋ ದಪ್ಪ ಬಟ್ಟೆಯ ಮೇಲೋ ಮೆಲ್ಲಗೆ ಎಳೆದುಕೊಳ್ಳಿ. ಉಸಿರಾಟಕ್ಕೆ ಕಷ್ಟ ಇಲ್ಲದಿದ್ದರೆ, ವಾಂತಿ ಇಲ್ಲದಿದ್ದರೆ ಮಾತ್ರ ಬಾಯಿಗೆ ಬಟ್ಟೆ ಕಟ್ಟಿ. ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ. "ನಾನು ಮಾಡಿದ್ದಕ್ಕೆ ನನಗೆ ಹೀಗೇ ಆಗಬೇಕು" ಅಂತ ಕಚ್ಚಿದ ಗಾಯವನ್ನು ಹಾಗೇ ಬಿಟ್ಟವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಅಪಘಾತಕ್ಕಿಂತ ಜಾಸ್ತಿ ಕಷ್ಟ, ಪ್ರೀತಿಯಿಂದ ಮಾಡಿದ ಕೆಲಸವೇ ಪ್ರಾಣಿಗೆ ವಿಷವಾದಾಗ. ಒಬ್ಬ ಅಮ್ಮ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದರ ಮುಖ ಊದಿತ್ತು, ಪಾದಗಳೂ ಊದಿದ್ದವು. ಬಾಯಿ ತೆರೆದರೆ ಒಸಡು ಗುಲಾಬಿ ಅಲ್ಲ, ಕಂದು. ಡಾಕ್ಟ್ರು ಕೇಳಿದ ಮೊದಲ ಮಾತು, "ಎಂತ ಮದ್ದು ಕೊಟ್ರಿ?" ಪ್ಯಾರಾಸಿಟಮಾಲ್. ಬೆಕ್ಕಿನ ಮೈ ಬಿಸಿ ಇದೆ ಅಂತ ಅವರಿಗೆ ಅನಿಸಿತ್ತು. ಬೆಕ್ಕಿನ ಮೈ ನಮ್ಮ ಮೈಗಿಂತ ಯಾವಾಗಲೂ ಸ್ವಲ್ಪ ಬಿಸಿಯೇ. 38ರಿಂದ 39 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಜ್ವರವೇ ಅಲ್ಲ. ಅವರು 500 ಮಿಲಿಗ್ರಾಂ ಮಾತ್ರೆಯ ಅರ್ಧ ಕೊಟ್ಟಿದ್ದರು, ಮಕ್ಕಳಿಗೆ ಕೊಡುವ ಹಾಗೆ ಮುರಿದು, ಪುಡಿ ಮಾಡಿ, ಹಾಲಿನಲ್ಲಿ ಕಲಸಿ.

ಮನುಷ್ಯರ ಲಿವರ್ ಈ ಮದ್ದನ್ನು ಅಪಾಯವಿಲ್ಲದ ರೂಪಕ್ಕೆ ಬದಲಾಯಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬಾ ಕಡಿಮೆ. ಉಳಿದ ವಿಷ ರಕ್ತವನ್ನು ಕೆಡಿಸುತ್ತದೆ, ಕೆಟ್ಟ ರಕ್ತ ಆಮ್ಲಜನಕ ಹೊರುವುದಿಲ್ಲ. ಒಸಡು ಕಂದಾಗುವುದು ಅದಕ್ಕೇ. ಪ್ರತಿಮದ್ದು ಉಂಟು, ಅಸಿಟೈಲ್ ಸಿಸ್ಟೀನ್. ನಮಗೆ ಕಫ ಕರಗಿಸಲು ಕೊಡುವುದೂ ಅದೇ. ಬೇಗ ಕೊಟ್ಟಷ್ಟು ಒಳ್ಳೆಯದು. ಇವರು ಬರುವಾಗ ತಡವಾಗಿತ್ತು.

ಮೊದಲು ಅವರ ಸಿಟ್ಟು ಅತ್ತೆಯ ಮೇಲೆ ಹೋಯಿತು. "ಅತ್ತೆ ಹೇಳಿದ್ದಕ್ಕೆ ಕೊಟ್ಟದ್ದು." ಫೋನಿನಲ್ಲಿ ಗಂಡನ ಜೊತೆ ಜಗಳ. ನಂತರ ಮೆಡಿಕಲ್ ಅಂಗಡಿಯವರ ಮೇಲೆ. ಡ್ರಿಪ್ ಅರ್ಧ ಇಳಿಯುವಷ್ಟರಲ್ಲಿ ಅವರು ಗೋಡೆಗೆ ಒರಗಿ ಹೇಳಿದರು, "ಯಾರೂ ಅಲ್ಲ. ನಾನೇ ಕೊಂದದ್ದು."

ಅಲ್ಲೇ ಇದ್ದ ಇನ್ನೊಬ್ಬರು, ನಾಯಿಗೆ ಲಸಿಕೆ ಹಾಕಿಸಲು ಬಂದವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, "ಛೆ, ನಿಮ್ಮ ತಪ್ಪೇನೂ ಇಲ್ಲ ಮಾರಾಯ್ರೆ." ಆ ಅಮ್ಮನ ಮುಖ ಇನ್ನೂ ಬಿಗಿಯಾಯಿತು. ಯಾಕೆಂದರೆ ಅವರಿಗೆ ಗೊತ್ತುಂಟು. ಮಾತ್ರೆ ಮುರಿದದ್ದು ಅವರದೇ ಕೈ. ಗೊತ್ತಿರುವುದನ್ನು ಇಲ್ಲ ಅಂದರೆ ಮನುಷ್ಯ ಒಂಟಿಯಾಗುತ್ತಾನೆ, ತನ್ನ ಮಾತು ಇಲ್ಲಿ ಯಾರಿಗೂ ಕೇಳಿಸುವುದಿಲ್ಲ ಅಂತ ಅನಿಸುತ್ತದೆ. ನಮ್ಮ ಡಾಕ್ಟ್ರು ಕೈತೊಳೆದು ಬಂದು ಅವರ ಪಕ್ಕದಲ್ಲಿ ಕೂತು ಹೇಳಿದ ಮಾತನ್ನು ನಾನು ಈಗಲೂ ಕೆಲಸದಲ್ಲಿ ಬಳಸುತ್ತೇನೆ: "ಮದ್ದು ಕೊಟ್ಟದ್ದು ನೀವೇ, ಹೌದು. ಕೊಲ್ಲಲಿಕ್ಕೆ ಕೊಟ್ಟದ್ದಲ್ಲ. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡಬೇಡಿ." ಆಗಲೇ ಅವರು ಅತ್ತದ್ದು.

ಬೆಕ್ಕು ಎರಡನೆಯ ದಿನ ಬೆಳಗಿನ ಜಾವ ತೀರಿಕೊಂಡಿತು. ಆಮೇಲೆ ಆ ಅಮ್ಮ ತಮ್ಮ ಫ್ಲ್ಯಾಟಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬಾರದು ಅಂತ ಬರೆದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ತಾನು ಕೊಟ್ಟೆ, ಬೆಕ್ಕು ಸತ್ತಿತು ಅಂತಲೂ ಬರೆದರು. ಅದಕ್ಕೆ ಎಷ್ಟು ಧೈರ್ಯ ಬೇಕು ಹೇಳಿ. ಆ ಫ್ಲ್ಯಾಟಿನಿಂದ ಈಗ ಬೆಕ್ಕಿಗೆ ಹುಷಾರಿಲ್ಲದಿದ್ದರೆ ಮದ್ದು ಕೊಡುವ ಮೊದಲೇ ನಮಗೆ ಫೋನ್ ಬರುತ್ತದೆ.

ನಮ್ಮ ತುಳುನಾಡಿನಲ್ಲಿ ನಾಗರಹಾವಿನ ವಿಷಯದಲ್ಲಿ ಮಾತ್ರ ಇಂಥ ಪಾಪಪ್ರಜ್ಞೆಗೆ ಒಂದು ದಾರಿ ಮೊದಲಿಂದಲೂ ಇದೆ. ಗದ್ದೆಯಲ್ಲಿ ಟಿಲ್ಲರ್‌ಗೆ ಸಿಕ್ಕಿಯೋ, ಹಿತ್ತಲಲ್ಲಿ ಹುಲ್ಲು ಕತ್ತರಿಸುವ ಮೆಷಿನ್‌ಗೆ ಸಿಕ್ಕಿಯೋ ನಾಗ ಸತ್ತರೆ ಯಾರೂ ಅದನ್ನು ಸುಮ್ನೆ ಎಸೆದು ಹೋಗುವುದಿಲ್ಲ. ಪುರೋಹಿತರನ್ನು ಕರೆಸುತ್ತಾರೆ, ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುತ್ತಾರೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ, ಆಶ್ಲೇಷ ಬಲಿ ಮಾಡಿಸುತ್ತಾರೆ. ನಂಬಿಕೆಯ ಚರ್ಚೆ ಇಲ್ಲಿ ಬೇಡ. ಆ ಕ್ರಮದೊಳಗೆ ಏನೇನು ನಡೆಯುತ್ತದೆ ಅಂತ ಮಾತ್ರ ನೋಡಿ. ನನ್ನ ಕೈಯಿಂದ ಆಯ್ತು ಅಂತ ನಾಲ್ಕು ಜನರೆದುರು ಹೇಳಬೇಕು. ಮನೆಯವರೆಲ್ಲ ಜೊತೆಗೆ ಬರಬೇಕು. ಮೈ ಬಗ್ಗಿಸಬೇಕು, ದುಡ್ಡು ಖರ್ಚಾಗಬೇಕು. ಅದೆಲ್ಲ ಮುಗಿದ ಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಿ ಚುಚ್ಚುವುದಿಲ್ಲ.

ನಾಯಿಗೆ, ಬೆಕ್ಕಿಗೆ ಹೀಗೆ ಒಂದು ಕ್ರಮ ಇಲ್ಲ. ಅಂಗಳದಲ್ಲಿ ಕಾರು ಹಿಂದೆ ತೆಗೆಯುವಾಗ ಗಂಡನಿಂದ ನಾಯಿಮರಿ ಸತ್ತು, ಹೆಂಡತಿ ತಿಂಗಳುಗಟ್ಟಲೆ ಮಾತು ಬಿಟ್ಟ ಮನೆ ನನಗೆ ಗೊತ್ತು. ಮರಿಯನ್ನು ಕೆಲಸದವರ ಕೈಯಲ್ಲಿ ಕೊಟ್ಟು ಎಲ್ಲೋ ಹೂಳಿಸಿದ್ದರು. ಆ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ, ಯಾರೂ ಏನೂ ಮಾಡಲಿಲ್ಲ. ಸಿಟ್ಟು ಅಲ್ಲೇ ಉಳಿಯಿತು. ಅದಕ್ಕೇ ನಾನು ಈಗ ಜನರಿಗೆ ಹೇಳುವುದು: ಹೂಳುವುದಾದರೆ ನೀವೇ ಹೂಳಿ, ಮನೆಯವರನ್ನು ಕರೆಯಿರಿ, ಮಕ್ಕಳು ಬರುತ್ತೇವೆ ಅಂದರೆ ತಡೆಯಬೇಡಿ. ಬಾವಿಯಿಂದ ದೂರ ಇರಲಿ, ಬೇರೆ ನಾಯಿ ಕೆದಕದಷ್ಟು ಆಳ ಇರಲಿ. ಆದದ್ದನ್ನು ಒಂದು ಸಲ ಬಾಯಿಬಿಟ್ಟು ಹೇಳಿ. ಮರುವಾರವೇ ಇನ್ನೊಂದು ಮರಿ ತರಬೇಡಿ. ಹೊಸ ಮರಿ ಹಳೆಯದರ ಸಾಲ ತೀರಿಸಲು ಬಂದದ್ದಲ್ಲ.

ಇಷ್ಟು ಹೊತ್ತು ಹೇಳಿದ್ದು ಬೇಕೆಂದು ಮಾಡದವರ ಬಗ್ಗೆ. ಸಿಟ್ಟಿನಲ್ಲಿ ಹೊಡೆದವರ ವಿಷಯ ಬೇರೆ. ಅದನ್ನು ಇದರ ಜೊತೆ ಕಲಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಬ್ಬರು ಪೊಮೆರೇನಿಯನ್ ನಾಯಿಯನ್ನು ತಂದರು, ಜೊತೆಗೆ ಮಗಳು, ಹೈಸ್ಕೂಲಿಗೆ ಹೋಗುವವಳು. ನಾಯಿ ಕುತ್ತಿಗೆ ಮುಂದೆ ಚಾಚಿ, ಬಾಯಿ ತೆರೆದು ಉಸಿರಾಡುತ್ತಿತ್ತು. "ಮಂಚದಿಂದ ಬಿತ್ತು" ಅಂದರು. ಮಗಳು ನೆಲ ನೋಡುತ್ತಿದ್ದಳು. ಡಾಕ್ಟ್ರು ಗದರಲಿಲ್ಲ. "ಮಂಚದಿಂದ ಬಿದ್ದರೆ ಹೀಗಾಗುವುದು ಕಡಿಮೆ. ಹೇಗೆ ಪೆಟ್ಟಾಯ್ತು ಅಂತ ಗೊತ್ತಾದರೆ ಎಲ್ಲಿ ನೋಡಬೇಕು ಅಂತ ನನಗೆ ಬೇಗ ಗೊತ್ತಾಗ್ತದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, "ನಾನು ಒದ್ದದ್ದು."

ಎಕ್ಸ್‌ರೇಯಲ್ಲಿ ಪಕ್ಕೆಲುಬು ಮುರಿದದ್ದು ಕಂಡಿತು. ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶವನ್ನು ಅಮುಕುತ್ತಿತ್ತು. ಡಾಕ್ಟ್ರು ಪಕ್ಕೆಲುಬುಗಳ ನಡುವೆ ಸೂಜಿ ಹಾಕಿ ಸಿರಿಂಜ್‌ನಿಂದ ಆ ಗಾಳಿಯನ್ನು ಎಳೆದು ತೆಗೆದರು. ನಾಯಿಯ ತಲೆ ಹಿಡಿದಿದ್ದ ನನ್ನ ಅಂಗೈಗೆ ಅದರ ಉಸಿರು ನಿಧಾನವಾದದ್ದು ತಿಳಿಯಿತು. ಸುಳ್ಳು ಇನ್ನು ಸ್ವಲ್ಪ ಹೊತ್ತು ಮುಂದುವರಿದಿದ್ದರೆ ಆ ನಾಯಿ ಉಳಿಯುತ್ತಿರಲಿಲ್ಲ. ಇಂಥ ಕಡೆ ನಿಜ ಹೇಳುವುದೇ ಅರ್ಧ ಚಿಕಿತ್ಸೆ.

ಆಮೇಲೆ ಅವರು ಕೇಳಿದ್ದು ಎರಡು. ಒಂದು, ಪೊಲೀಸರಿಗೆ ಹೇಳ್ತೀರಾ? ಡಾಕ್ಟ್ರು ಕಾನೂನನ್ನು ಇದ್ದ ಹಾಗೆ ಹೇಳಿದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಒದೆಯುವುದು, ಹೊಡೆಯುವುದು ಅಪರಾಧವೇ. ದಂಡ ಮಾತ್ರ ಆ ಕಾಲದ್ದೇ, ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಆದರೆ ಬೇಕೆಂದೇ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ಎರಡನೆಯದ್ದು ಪ್ರಶ್ನೆ ಅಲ್ಲ, ಬೇಡಿಕೆ. "ಡಾಕ್ಟ್ರೇ, ನೀವು ನನಗೆ ಬೈಯಿರಿ."

"ಬೈದರೆ ನಿಮಗೆ ಹಗುರ ಆಗ್ತದೆ. ನಾಯಿಗೆ ಎಂತ ಲಾಭ?" ಅಂದರು ಡಾಕ್ಟ್ರು. ಆಮೇಲೆ ಕೇಳಿದ್ದು ಕೆಲಸದ ಪ್ರಶ್ನೆಗಳನ್ನು: ಇದು ಮೊದಲ ಸಲವಾ? ಒದೆಯುವ ಮೊದಲು ಎಂತ ಆಯ್ತು? ಮನೆಯಲ್ಲಿ ಬೇರೆ ಯಾರ ಮೇಲಾದರೂ ಕೈ ಎತ್ತುತ್ತೀರಾ? ವ್ಯಾಪಾರದಲ್ಲಿ ಸಾಲ, ನಿದ್ದೆ ಇಲ್ಲ, ಸಣ್ಣ ಸದ್ದಿಗೂ ಸಿಟ್ಟು ಅಂತ ಅವರು ಹೇಳಿಕೊಂಡರು. ಅದು ಕಾರಣ ಇರಬಹುದು, ಆದರೆ ನಾಯಿಗೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಹಾಗಾಗಿ ಗುಣವಾಗುವ ತನಕ ನಾಯಿ ಬ್ರಹ್ಮಾವರದ ಅವರ ತಂಗಿ ಮನೆಯಲ್ಲಿ ಇರಲಿ ಅಂತ ತೀರ್ಮಾನವಾಯಿತು. ಅವರು ತಕರಾರು ಮಾಡಲಿಲ್ಲ. ನಾನು ಬಿಲ್ಲಿನ ಹಿಂದೆ 14416 ಅಂತ ಬರೆದು ಕೊಟ್ಟೆ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಹೊರಡುವ ಮೊದಲು ಅವರು ಮಗಳಿಗೆ ಹೇಳಿದರು, "ನಿನ್ನ ಹತ್ರ ಸುಳ್ಳು ಹೇಳಿಸಿದೆ ಅಲ್ವಾ, ಅದೂ ತಪ್ಪು." ಮಗಳು ಏನೂ ಹೇಳಲಿಲ್ಲ. ಅವಳು ಕ್ಷಮಿಸಬೇಕು ಅಂತ ಯಾರೂ ಒತ್ತಾಯ ಮಾಡಲೂ ಬಾರದು.

ಬೇರೆ ಕ್ಲಿನಿಕ್‌ಗಳಲ್ಲಿ ಕೌಂಟರ್ ನೋಡಿಕೊಳ್ಳುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಬೈಯುತ್ತಾ ಬಂದವರ ಫೋನ್ ನಂಬರ್ ತಪ್ಪದೆ ಬರೆದಿಟ್ಟುಕೊಳ್ಳಿ. ಪ್ರಾಣಿ ಸತ್ತರೆ ನಾಲ್ಕೈದು ದಿನ ಬಿಟ್ಟು ಒಮ್ಮೆ ಫೋನ್ ಮಾಡಿ. ಮೊದಲ ದಿನ ಮನೆ ತುಂಬಾ ಜನ ಇರುತ್ತಾರೆ, ಆಮೇಲೆ ಯಾರೂ ಕೇಳುವುದಿಲ್ಲ. "ಊಟ ಮಾಡ್ತಾ ಇದ್ದೀರಾ, ನಿದ್ದೆ ಬರ್ತದಾ" ಅಂತ ಕೇಳಿದರೆ ಸಾಕು. ನಿದ್ದೆಯೇ ಇಲ್ಲ, ಬದುಕುವುದೇ ಬೇಡ ಅನಿಸುತ್ತದೆ ಅಂದರೆ ಫೋನ್ ಇಡಬೇಡಿ. ಮನೆಯಲ್ಲಿ ಬೇರೆ ಯಾರಿದ್ದಾರೆ ಅಂತ ಕೇಳಿ, ಅವರ ಕೈಗೆ ಫೋನ್ ಕೊಡಿಸಿ, 14416 ಹೇಳಿ, ಆವತ್ತೇ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗಲು ಹೇಳಿ.