ನಂಬಿಕೆ ಯಾಕೆ ಬೆಳೀತಾ ಇಲ್ಲ ಅಂತ ಕೇಳುವವರಿಗೆ

ಭಾನುವಾರ ಆರಾಧನೆ ಮುಗಿದ ಮೇಲೆ, ಮನೆ ಕೂಟದಲ್ಲಿ ಕಾಫಿ ಕುಡಿಯುವಾಗ, ಒಮ್ಮೊಮ್ಮೆ ರಾತ್ರಿ ವಾಟ್ಸಾಪಿನಲ್ಲೂ ಈ ಪ್ರಶ್ನೆ ಬರುತ್ತದೆ. "ಬ್ರದರ್, ಯೇಸುವನ್ನು ನಂಬಿದ್ದೀನಿ. ಬೈಬಲ್ ಓದ್ತೀನಿ, ಸಭೆ ತಪ್ಪಿಸೋದಿಲ್ಲ. ಆದ್ರೂ ಎಷ್ಟೋ ವರ್ಷದಿಂದ ಇದ್ದಲ್ಲೇ ಇದ್ದೀನಿ ಅನ್ಸುತ್ತೆ. ನಂಬಿಕೆ ಬೆಳೆಯೋದು ಹೇಗೆ?"

ಇನ್ನೊಂದು ಉಪವಾಸ ಪ್ರಾರ್ಥನೆಯನ್ನೋ ಒಳ್ಳೆ ಪ್ರಸಂಗಿಯೊಬ್ಬರ ಯೂಟ್ಯೂಬ್ ಚಾನೆಲನ್ನೋ ಹೇಳುತ್ತೇನೆ ಅಂತ ಅವರು ಕಾಯುತ್ತಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಓದಿದ್ದರಲ್ಲಿ ಮಾಡದೆ ಬಿಟ್ಟದ್ದು ಏನಾದರೂ ಇದೆಯಾ? ಹೆಚ್ಚಿನವರಿಗೆ ತಕ್ಷಣ ಹೊಳೆಯುತ್ತದೆ. ಮಾತುಬಿಟ್ಟ ತಮ್ಮ. ತೀರಿಸಬಹುದಾದರೂ ತೀರಿಸದೆ ಇಟ್ಟುಕೊಂಡ ಸಾಲ. ಮನೆಗೆಲಸದವರ ಸಂಬಳ.

ಮೊದಲು ನಂಬಿಕೆ ಗಟ್ಟಿಯಾಗಲಿ, ವಿಧೇಯತೆ ಆಮೇಲೆ ತಾನಾಗೇ ಬರುತ್ತೆ ಅನ್ನುವುದು ನಮ್ಮ ಲೆಕ್ಕ. ಈಜು ಬಂದ ಮೇಲೆ ನೀರಿಗಿಳಿಯುತ್ತೇನೆ ಅಂದ ಹಾಗೆ. ಸುವಾರ್ತೆಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಲೂಕ 5ನೇ ಅಧ್ಯಾಯ ತೆಗೆದು ನೋಡಿ. ಗೆನೆಜರೇತ್ ಸರೋವರದ ದಡದಲ್ಲಿ ಮೀನುಗಾರ ಸೀಮೋನನ (ಮುಂದೆ ಪೇತ್ರ ಅನ್ನಿಸಿಕೊಂಡವನು) ಜೊತೆಯವರು ಬಲೆ ತೊಳೆಯುತ್ತಿದ್ದಾರೆ. ಈ ಬಲೆ ತೊಳೆಯುವ ಮಾತನ್ನು ನಾವು ಓದಿ ದಾಟಿಬಿಡುತ್ತೇವೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಮೀನುಗಾರರ ಮನೆಯಲ್ಲಿ ಹುಟ್ಟಿದವರು ಹಾಗೆ ದಾಟುವುದಿಲ್ಲ. ಸಿಕ್ಕಿಕೊಂಡ ಪಾಚಿ, ಕಸ ಬಿಡಿಸಿ, ತೊಳೆದು, ಒಣಹಾಕಿದರೆ ಅವತ್ತಿನ ಕೆಲಸ ಮುಗಿಯಿತು. ಅದೂ ರಾತ್ರಿಯೆಲ್ಲಾ ದುಡಿದು ಒಂದು ಮೀನೂ ಸಿಗದ ದಿನ. ಅಂಥ ಹೊತ್ತಲ್ಲಿ ಬಡಗಿಯ ಮಗ ಯೇಸು ಬಂದು, ಆಳಕ್ಕೆ ಹೋಗಿ ಬಲೆ ಹಾಕಿ ಅನ್ನುತ್ತಾನೆ. ಸಿಗಲಿ ಬಿಡಲಿ, ತೊಳೆದ ಬಲೆಯನ್ನು ಮತ್ತೆ ತೊಳೆಯಬೇಕು.

ಸೀಮೋನನ ಉತ್ತರದಲ್ಲಿ ಮಹಾ ನಂಬಿಕೆಯೇನೂ ನನಗೆ ಕಾಣುವುದಿಲ್ಲ. ರಾತ್ರಿಯೆಲ್ಲಾ ಏನೂ ಸಿಗಲಿಲ್ಲ ಅಂತ ಮೊದಲು ಗೊಣಗುತ್ತಾನೆ. ಆಮೇಲೆ, ನೀನು ಹೇಳ್ತೀಯಲ್ಲ, ಹಾಕ್ತೀನಿ ಅನ್ನುವ ಧಾಟಿ. ಯೇಸುವಿನ ಮೊಣಕಾಲಿಗೆ ಬಿದ್ದು "ನಾನು ಪಾಪಿ" ಅಂದದ್ದು ಬಲೆ ಹಾಕಿದ ಮೇಲೆ, ಮೊದಲಲ್ಲ. ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳಿಗೂ ಗುಣವಾದದ್ದು ಯೇಸು ಹೇಳಿದಂತೆ ಯಾಜಕರ ಕಡೆಗೆ ಹೋಗುತ್ತಿರುವಾಗ. ಹೊರಟಾಗ ಮೈಮೇಲೆ ರೋಗ ಹಾಗೇ ಇತ್ತು.

"ಹಾಗಾದ್ರೆ ಕೃಪೆ ಎಲ್ಲಿ ಹೋಯ್ತು? ಕ್ರಿಯೆಗಳಿಂದ ರಕ್ಷಣೆ ಅಲ್ವಲ್ಲ?" ಅಂತ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ನಿಜ, ಅಲ್ಲ. ರಕ್ಷಣೆ ಕೃಪೆಯಿಂದಲೇ, ಕ್ರಿಯೆಗಳಿಂದಲ್ಲ ಅನ್ನುವ ಎಫೆಸ 2ರ 8 ಮತ್ತು 9ನೇ ವಚನ ನಮಗೆಲ್ಲ ಬಾಯಿಪಾಠ. ಆದರೆ 10ನೇ ವಚನವೂ ಅದೇ ಪುಟದಲ್ಲಿದೆ: ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿಸಲಾಯಿತು ಅಂತ. ಬರೀ ನಂಬುವುದಾದರೆ ದೆವ್ವಗಳೂ ನಂಬುತ್ತವೆ ಅಂತ ಯಾಕೋಬ ಖಾರವಾಗಿಯೇ ಬರೆದಿದ್ದಾನೆ.

ಈ ವಿಷಯದಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬೊನ್ಹೋಫರ್ ಅವರನ್ನು. ಹಿಟ್ಲರನಿಗೆ ತಲೆಬಾಗದ ಸಭೆಯವರು 1935ರಲ್ಲಿ ಪಾಸ್ಟರುಗಳನ್ನು ತಯಾರು ಮಾಡಲು ಒಂದು ಶಾಲೆ ಶುರು ಮಾಡಿದರು. ಅದನ್ನು ಬೊನ್ಹೋಫರ್ ನಡೆಸಿದರು. ಬೇಗನೆ ಅದು ಫಿಂಕನ್‌ವಾಲ್ಡೆ ಎಂಬ ಊರಿಗೆ ಹೋಯಿತು. ಅದಕ್ಕೂ ಮುಂಚೆ ಅವರು ಭಾರತಕ್ಕೆ ಬಂದು ಗಾಂಧೀಜಿಯ ಆಶ್ರಮದಲ್ಲಿರಬೇಕು ಅಂತಿದ್ದರು, 1934ರಲ್ಲಿ ಗಾಂಧೀಜಿ ಬನ್ನಿ ಅಂತ ಪತ್ರವನ್ನೂ ಬರೆದಿದ್ದರು. ಅದು ಆಗಲಿಲ್ಲ.

ಹುತಾತ್ಮರು ಅಂದಕೂಡಲೇ ನಾವು 1945ರ ಏಪ್ರಿಲ್ 9ಕ್ಕೆ ಹಾರುತ್ತೇವೆ, ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿದ ದಿನಕ್ಕೆ. ನನಗೆ ಅದಕ್ಕಿಂತ ಆ ಶಾಲೆಯ ಒಂದು ಸಣ್ಣ ನಿಯಮ ಜಾಸ್ತಿ ಕಾಡುತ್ತದೆ. ಜೊತೆಯವನು ಎದುರಿಗಿಲ್ಲದಾಗ ಅವನ ಬಗ್ಗೆ ಮಾತಾಡಬಾರದು. ಆಡಿಬಿಟ್ಟರೆ ಅವನಿಗೇ ಹೋಗಿ ಹೇಳಬೇಕು. ಅಷ್ಟೇ. ಆ ನಿಯಮವನ್ನು ಮುರಿದು, ಮತ್ತೆ ಪ್ರಯತ್ನಿಸಿ ಕಲಿತದ್ದು ಪ್ರಸಂಗಗಳಿಂದ ಕಲಿತದ್ದಕ್ಕೆ ಕಡಿಮೆಯಿಲ್ಲ ಅಂತ ಅಲ್ಲಿದ್ದವರು ಆಮೇಲೆ ಹೇಳಿದ್ದಾರೆ. ಇನ್ನೊಂದು ಸಲ ಅಡುಗೆಮನೆಯಿಂದ ಪಾತ್ರೆ ತೊಳೆಯಲು ಜನ ಬೇಕು ಅಂತ ಕರೆ ಬಂತಂತೆ. ಯಾರೂ ಏಳಲಿಲ್ಲ. ಬೊನ್ಹೋಫರ್ ಸುಮ್ನೆ ಎದ್ದು ಒಳಗೆ ಹೋದರು. ನಾಚಿಕೆಯಾಗಿ ಹಿಂದೆ ಓಡಿದ ವಿದ್ಯಾರ್ಥಿಗಳನ್ನು ಒಳಗೆ ಬಿಡಲೇ ಇಲ್ಲ.

ಆ ನಿಯಮವನ್ನು ನಮ್ಮ ಕೂಟಗಳಲ್ಲಿ ಒಂದು ವಾರ ಪಾಲಿಸಿ ನೋಡಿ. "ಅವರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ, ಮನೇಲಿ ಏನಾಗಿದೆ ಗೊತ್ತಾ" ಅಂತ ಶುರುವಾಗುವ ಅರ್ಧ ಪ್ರಾರ್ಥನಾ ವಿಷಯಗಳು ಅಲ್ಲೇ ನಿಂತುಹೋಗುತ್ತವೆ.

ಹಾಗಂತ ವಿಧೇಯತೆ ಅಂದರೆ ಪಾಸ್ಟರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದಲ್ಲ. "ಯಜ್ಞಕ್ಕಿಂತ ವಿಧೇಯತೆ ಉತ್ತಮ" ಅನ್ನುವ ವಾಕ್ಯವನ್ನು ಜನರ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. 1 ಸಮುವೇಲ 15 ಓದಿ. ಸಮುವೇಲ ಅದನ್ನು ಹೇಳಿದ್ದು ಅಧಿಕಾರದಲ್ಲಿದ್ದ ಸೌಲ ರಾಜನಿಗೆ, ಬಡ ಜನರಿಗಲ್ಲ. ಹೇಳಿದಂತೆ ನಡೆದರೆ ವೀಸಾ ಸಿಗುತ್ತೆ, ಸೈಟ್ ಆಗುತ್ತೆ ಅನ್ನುವ ಸಾಕ್ಷಿಗಳ ಮೇಲೂ ನನಗೆ ಅಷ್ಟಕ್ಕಷ್ಟೆ. ಸೀಮೋನನಿಗೆ ಅವತ್ತು ದೋಣಿ ತುಂಬ ಮೀನು ಸಿಕ್ಕಿತು ನಿಜ. ಆದರೆ ಅವನು ದಡಕ್ಕೆ ಬಂದು ಅದನ್ನೆಲ್ಲ ಅಲ್ಲೇ ಬಿಟ್ಟು ಹೊರಟ.

ಇನ್ನೊಂದು ಮಾತು. ಮನೆಯಲ್ಲಿ ಸಾವಾಗಿ ಪ್ರಾರ್ಥನೆಯೇ ಬಾಯಿಗೆ ಬಾರದವರು, ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದವರು ಇದೇ ಪ್ರಶ್ನೆ ಕೇಳಿದರೆ ನಾನು ಈ ಉತ್ತರ ಕೊಡುವುದಿಲ್ಲ. ಏನು ಮಾಡದೆ ಬಿಟ್ಟಿದ್ದೀರಿ ಅಂತ ಅವರನ್ನು ಕೇಳುವುದು ಕ್ರೌರ್ಯ. ಡಾಕ್ಟರ್ ಹತ್ತಿರ ಹೋಗಬೇಕಾದರೆ ಜೊತೆಗೆ ಹೋಗುತ್ತೇನೆ. ಓದಲು ಏನಾದರೂ ಬೇಕು ಅಂದರೆ 88ನೇ ಕೀರ್ತನೆ ಕೊಡುತ್ತೇನೆ. ಕೊನೆಯ ಸಾಲಿನವರೆಗೂ ಕತ್ತಲೆಯೇ ಇರುವ ಪ್ರಾರ್ಥನೆ ಅದು, ಆದರೂ ಬೈಬಲಿನಲ್ಲಿದೆ.