ಆಟಿಕೆ ಮಾರೋಕೆ ಬಂದ ಕಾಮಿಕ್ಸಲ್ಲಿ ಒಬ್ಬ ಡಾಕ್ಟರ್

ಟ್ರಾನ್ಸ್‌ಫಾರ್ಮರ್ಸ್ ಅಂದ್ರೆ ಈಗ ಎಲ್ರಿಗೂ ಸಿನಿಮಾನೇ ನೆನಪಾಗೋದು, ಆದ್ರೆ ನಂಗೆ ಇಷ್ಟ ಮಾತ್ರ 1984ರಲ್ಲಿ ಅಮೆರಿಕದ ಮಾರ್ವೆಲ್ ಶುರು ಮಾಡಿದ ಆ ಹಳೇ ಕಾಮಿಕ್ಸ್. ಜಪಾನಿನ ಟಕಾರಾ ಕಂಪನಿ ಮಾಡ್ತಿದ್ದ, ಕಾರು ಗನ್ನು ಅಂತ ರೂಪ ಬದ್ಲಾಯ್ಸೋ ರೋಬೋ ಆಟಿಕೆಗಳನ್ನ ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ ತಗೊಂಡು ಬಂದು, ಇವಕ್ಕೊಂದು ಕಥೆ ಬೇಕು ಅಂತ ಮಾರ್ವೆಲ್‌ಗೆ ಹೇಳ್ತು, ಅಷ್ಟೇ ಹಿನ್ನೆಲೆ. ಬಾಬ್ ಬುಡಿಯಾನ್ಸ್ಕಿ ಅನ್ನೋರು ಕೂತು ಹೆಚ್ಚಿನ ಪಾತ್ರಗಳಿಗೆ ಹೆಸರು, ಸ್ವಭಾವ ಎಲ್ಲಾ ಬರೆದ್ರು. ಕೆಟ್ಟ ರೋಬೋಗಳ ನಾಯಕನಿಗಿಟ್ಟ ಮೆಗಾಟ್ರಾನ್ ಅನ್ನೋ ಹೆಸರು ಮಕ್ಕಳಿಗೆ ತುಂಬಾ ಭಯ ಹುಟ್ಸುತ್ತೆ ಅಂತ ಹ್ಯಾಸ್‌ಬ್ರೋದವ್ರು ಮೊದ್ಲು ಬೇಡ ಅಂದಿದ್ರಂತೆ, ವಿಲನ್ ಅಂದ್ಮೇಲೆ ಭಯ ಹುಟ್ಟಿಸ್ಲೇಬೇಕಲ್ವಾ ಅಂತ ಇವ್ರು ಒಪ್ಪಿಸಿದ್ರು.

ಮೊದ್ಲು ಪ್ಲಾನ್ ಇದ್ದಿದ್ದು ಬರೀ ನಾಲ್ಕು ಸಂಚಿಕೆಗೆ. ಆ ನಾಲ್ಕನೇದರ ಕೊನೆ ನೋಡ್ಬೇಕು ನೀವು. ಸ್ಪಾರ್ಕ್‌ಪ್ಲಗ್ ಅನ್ನೋ ಮನುಷ್ಯ, ಒಬ್ಬ ಮೆಕ್ಯಾನಿಕ್, ಮೆಗಾಟ್ರಾನ್ ಕಡೆಯ ಡಿಸೆಪ್ಟಿಕಾನ್‌ಗಳಿಗೆ ಮಾಡ್ಕೊಟ್ಟ ಇಂಧನದಲ್ಲೇ ವಿಷ ಸೇರ್ಸಿರ್ತಾನೆ, ಅವ್ರೆಲ್ಲಾ ಒಬ್ಬೊಬ್ರಾಗಿ ಕುಸಿದು ಬೀಳ್ತಾರೆ, ಒಳ್ಳೇ ರೋಬೋಗಳಾದ ಆಟೋಬಾಟ್‌ಗಳು ಗೆದ್ವಿ ಅಂದ್ಕೊಳ್ತಾರೆ, ಅಷ್ಟ್ರಲ್ಲಿ ಶಾಕ್‌ವೇವ್ ಅನ್ನೋ ಇನ್ನೊಬ್ಬ ಡಿಸೆಪ್ಟಿಕಾನ್ ಬಂದು ಎಲ್ರನ್ನೂ ಹೊಡೆದುರುಳಿಸ್ತಾನೆ. ಐದನೇ ಸಂಚಿಕೆಯ ಮುಖಪುಟದಲ್ಲಿ ಅದೇ ಶಾಕ್‌ವೇವ್, ಒಂದೇ ಕಣ್ಣು, ಒಂದು ಕೈ ಇರೋ ಜಾಗದಲ್ಲಿ ಗನ್, ಮೇಲಿರೋ ಪತ್ರಿಕೆ ಹೆಸರಿನ ಕೆಳಗೆ 'ಎಲ್ಲರೂ ಸತ್ತಿದ್ದಾರೆ' ಅಂತ ಸುಟ್ಟು ಬರ್ದಿದಾನೆ, ಹೆಸರೂ ಅದೂ ಸೇರಿ ಒಂದೇ ವಾಕ್ಯ ಆಗ್ಬಿಡುತ್ತೆ. ಮಕ್ಕಳ ಆಟಿಕೆ ಪುಸ್ತಕದ ಮುಖಪುಟ ಇದು!

ಉಳ್ಕೊಂಡೋನು ಯಾರು ಗೊತ್ತಾ, ರ‍್ಯಾಚೆಟ್. ಆಟೋಬಾಟ್‌ಗಳ ಡಾಕ್ಟರು, ವೇಷ ಆಂಬುಲೆನ್ಸ್‌ದು. ಸ್ಪಾರ್ಕ್‌ಪ್ಲಗ್‌ಗೆ ಹಾರ್ಟ್ ಅಟ್ಯಾಕ್ ಆಗಿ ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಕ್ಕೇ ಇವನು ಬಚಾವ್. ನಂಗೆ ತುಂಬಾ ಹಿಡಿಸೋದು ಇದೇ, ಯಾಕಂದ್ರೆ ವಾಹನದ ವೇಷ ಇಲ್ಲಿ ಬರೀ ಬಚ್ಚಿಟ್ಟುಕೊಳ್ಳೋಕಲ್ಲ, ಅವನು ನಿಜವಾಗ್ಲೂ ಆಂಬುಲೆನ್ಸ್ ಕೆಲಸ ಮಾಡ್ತಿದ್ದ, ಆ ಕೆಲಸವೇ ಅವನ ಜೀವ ಉಳಿಸ್ತು. ಆಮೇಲೆ ಆಟೋಬಾಟ್‌ಗಳ ನಾಯಕ ಆಪ್ಟಿಮಸ್ ಪ್ರೈಮ್ ತಲೆ ಬೇರೆ ದೇಹ ಬೇರೆ, ಜೊತೆಗಾರರೆಲ್ಲಾ ಶತ್ರು ಕೈಲಿ, ಯುದ್ಧ ಮಾಡೋಕೆ ಬರ್ದೇ ಇರೋ ಈ ಡಾಕ್ಟರ್ ಮೆಗಾಟ್ರಾನ್ ಜೊತೆನೇ ಒಪ್ಪಂದ ಮಾಡ್ಕೊಂಡು, ಕೊನೆಗೆ ಹಿಮದ ಬೆಟ್ಟದಲ್ಲಿ ಅವನ ಎದುರಿಗೇ ನಿಲ್ತಾನೆ. ಈ ಡಾಕ್ಟರಿಗಿರೋ ಭಯವನ್ನ ಬುಡಿಯಾನ್ಸ್ಕಿ ಎಲ್ಲೂ ಮುಚ್ಚಿಡಲ್ಲ.

24ನೇ ಸಂಚಿಕೆ ಬಗ್ಗೆ ಜಗಳ ಇವತ್ತಿಗೂ ಮುಗ್ದಿಲ್ಲ. ಆಪ್ಟಿಮಸ್ ಮತ್ತೆ ಮೆಗಾಟ್ರಾನ್ ಒಂದು ಕಂಪ್ಯೂಟರ್ ಗೇಮಲ್ಲಿ ಹೋರಾಡ್ತಾರೆ, ಸೋತವ್ರು ಸಾಯ್ಬೇಕು ಅಂತ ಷರತ್ತು. ಆಪ್ಟಿಮಸ್ ಗೆಲ್ತಾನೆ, ಆದ್ರೆ ಗೆಲ್ಲೋವಾಗ ಆ ಗೇಮಿನೊಳಗಿನ ಅಮಾಯಕರು ಸತ್ರಲ್ಲ, ಇದು ಗೆಲುವಲ್ಲ ಅಂತ ತನ್ನನ್ನ ಸ್ಫೋಟ ಮಾಡಿಸ್ಕೊಳ್ತಾನೆ. ಇದು ಹುಚ್ಚು ಅಂತಾರೆ ತುಂಬಾ ಜನ. ನಂಗೆ ಹಾಗನ್ಸಲ್ಲ, ಒಂದು ಜೀವ ನಿಜಾನಾ ಸುಳ್ಳಾ ಅಂತ ನೋಡಿ ನಿಯಮ ಬದ್ಲಾಯ್ಸೋನು ಆಪ್ಟಿಮಸ್ ಆಗೋಕೇ ಸಾಧ್ಯ ಇಲ್ಲ.

ಅಂಗಡಿಗೆ ಹೊಸ ಆಟಿಕೆ ಬಂದಾಗೆಲ್ಲಾ ಕಥೆಗೆ ಹೊಸ ಪಾತ್ರ ಸೇರ್ಸ್ಲೇಬೇಕಿತ್ತು, ಹಳಬರು ಜಾಗ ಬಿಡ್ಬೇಕಿತ್ತು. 50ನೇ ಸಂಚಿಕೆಲಿ ಸ್ಟಾರ್‌ಸ್ಕ್ರೀಮ್ ಅನ್ನೋ ಡಿಸೆಪ್ಟಿಕಾನ್ ಕೈಲಿ ಗುಂಪುಗುಂಪಾಗಿ ಸಾಯ್ತಾರಲ್ಲ, ಅದ್ರ ಹಿಂದಿರೋ ವ್ಯಾಪಾರ ಗೊತ್ತಿದ್ರೂ ಓದೋವಾಗ ಸಂಕಟ ಆಗುತ್ತೆ. 56ರಿಂದ ಸೈಮನ್ ಫರ್ಮನ್ ಬರೆದ್ರು, ಬ್ರಿಟನ್ನಿನ ಆವೃತ್ತಿಗೆ ಅವ್ರು ಆಗ್ಲೇ ಬರೀತಿದ್ರು, ಅದು 332 ಸಂಚಿಕೆ ನಡೀತು. ಗ್ರಹಗಳನ್ನೇ ನುಂಗೋ ದೈತ್ಯ ಯೂನಿಕ್ರಾನ್ ಬರೋ 75ನೇದು ದೊಡ್ಡ ಯುದ್ಧವೇ, ಗಾತ್ರದಲ್ಲೂ ದುಃಖದಲ್ಲೂ.

ಇನ್ನು ಬಣ್ಣ. ಹಳೇ ನ್ಯೂಸ್‌ಪ್ರಿಂಟಲ್ಲಿ ಬಣ್ಣ ಅಂದ್ರೆ ಚುಕ್ಕೆ ಚುಕ್ಕೆ, ಹಿಂದೆ ನಿಂತ ಗುಂಪಿಗೆಲ್ಲಾ ಒಂದೇ ನೇರಳೆನೋ ಹಳದಿನೋ ಬಳ್ದಿರ್ತಾರೆ. ಹೊಳೆಯೋ ಪೇಪರಿನ ಮರುಮುದ್ರಣದಲ್ಲಿ ಅದೇ ಬಣ್ಣ ಕಣ್ಣಿಗೆ ಚುಚ್ಚುತ್ತೆ, ಒರಟು ಕಾಗದ ಅದನ್ನ ಹೀರ್ಕೊಂಡು ಮೆತ್ತಗೆ ಮಾಡ್ತಿತ್ತು. ಸಿಕ್ಕಿದ್ರೆ ಹಳೇ ಪ್ರತಿನೇ ಓದಿ. 1991ರಲ್ಲಿ ಬಂದ ಕೊನೇ ಸಂಚಿಕೆ ಮುಖಪುಟದಲ್ಲಿ 'ನಾಲ್ಕು ಸಂಚಿಕೆಗಳ ಸರಣಿಯಲ್ಲಿ 80ನೇದು' ಅಂತ ಹಾಕಿದಾರೆ, ಅದನ್ನ ಅಚ್ಚಾದ ಕಾಗದದ ಮೇಲೇ ನೋಡ್ಬೇಕು. ಶುರು ಮಾಡೋರು ಮಾತ್ರ 1ರಿಂದ 8ರವರೆಗೆ ಒಂದೇ ಉಸಿರಲ್ಲಿ ಓದಿ, ರ‍್ಯಾಚೆಟ್ ಕಥೆ ಅಲ್ಲಿದೆ.